ಕೋರ್ದೊಬಾದಲ್ಲಿ ಒಂದು ವೀಕೆಂಡ್: ಒಂದೇ ಕಟ್ಟಡವನ್ನು ಎರಡು ಸಲ ನೋಡುವ ದಾರಿ

ಶುಕ್ರವಾರ ಸಂಜೆ ಕ್ಲಾಸ್ ಮುಗಿಸಿ ರೂಮಿಗೆ ಬಂದು ಒಬ್ಬರೇ ಕೂರುವುದು ಇದೆಯಲ್ಲ, ಹೊರದೇಶದ ಓದಿನಲ್ಲಿ ನನಗೆ ಜಾಸ್ತಿ ಕಷ್ಟವಾಗಿದ್ದು ಅದೇ. ಅಲ್ಲಿ ರಾತ್ರಿ ಎಂಟು ಅಂದರೆ ಊರಲ್ಲಿ ಹನ್ನೊಂದೂವರೆ ದಾಟಿರುತ್ತದೆ. ಅಮ್ಮ ಮಲಗಿರುತ್ತಾರೆ. ಫೋನ್ ಮಾಡುವ ಹಾಗಿಲ್ಲ. ಮ್ಯಾಡ್ರಿಡ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾಗ ಆ ಹೊತ್ತನ್ನು ಕಳೆಯಲೆಂದೇ ನಾನು ರೈಲು ಹತ್ತುವ ಅಭ್ಯಾಸ ಮಾಡಿಕೊಂಡೆ. ಹಾಗೆ ಸಿಕ್ಕ ಊರು ದಕ್ಷಿಣ ಸ್ಪೇನ್‌ನ ಕೋರ್ದೊಬಾ. ಎರಡು ವರ್ಷದಲ್ಲಿ ಐದು ಸಲ ಹೋದೆ.

ಸ್ಪೇನ್‌ಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಒಂದು ವೀಕೆಂಡಿಗೆ ಮೂರು ಊರು ಮುಗಿಸುವ ಪ್ಲಾನ್ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೋರ್ದೊಬಾಗೆ ಎರಡು ರಾತ್ರಿ ಕೊಡಿ. ಅಲ್ಲಿಯ ದೊಡ್ಡ ಮಸೀದಿ-ಚರ್ಚನ್ನು, ಅಂದರೆ ಮೆಸ್ಕಿತಾವನ್ನು, ಒಂದೇ ದಿನ ಎರಡು ಸಲ ನೋಡಿ. ಈ ಲೇಖನದ ಲೆಕ್ಕಾಚಾರವೆಲ್ಲ ಅದಕ್ಕೋಸ್ಕರವೇ.

ಹೆಜ್ಜೆ 1: ದಿನ ಆರಿಸಿಕೊಳ್ಳಿ

ಮಾರ್ಚ್, ಏಪ್ರಿಲ್, ಅಕ್ಟೋಬರ್, ನವೆಂಬರ್ ಒಳ್ಳೆಯ ತಿಂಗಳುಗಳು. ಜುಲೈ, ಆಗಸ್ಟ್ ಬೇಡ. 2021ರ ಆಗಸ್ಟ್‌ನಲ್ಲಿ ಇದೇ ಕೋರ್ದೊಬಾ ಪ್ರಾಂತ್ಯದ ಲಾ ರಾಂಬ್ಲಾ ಎಂಬ ಊರಲ್ಲಿ 47.6 ಡಿಗ್ರಿ ಬಿಸಿಲು ದಾಖಲಾಯಿತು. ರಾಯಚೂರು, ಕಲಬುರಗಿಯವರು ನಮಗೆ ಬಿಸಿಲು ಹೊಸದೇನಲ್ಲ ಎನ್ನಬಹುದು. ಆದರೆ ಬಿಸಿಲಲ್ಲಿ ಬದುಕುವುದು ಬೇರೆ, ಕಲ್ಲುಹಾಸಿನ ಓಣಿಗಳಲ್ಲಿ ದಿನವಿಡೀ ನಡೆಯುವುದು ಬೇರೆ.

ಮೇ ತಿಂಗಳ ಮೊದಲ ಎರಡು ವಾರ ಪಾತಿಯೋ ಹಬ್ಬ. ಪಾತಿಯೋ ಅಂದರೆ ಮನೆಯೊಳಗಿನ ಅಂಗಳ. ಜನ ತಮ್ಮ ಮನೆಯ ಅಂಗಳವನ್ನು ಹೂಕುಂಡಗಳಿಂದ ಅಲಂಕರಿಸಿ ಬಾಗಿಲು ತೆರೆದಿಡುತ್ತಾರೆ. 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ ಹಬ್ಬ ಇದು. ನೋಡಲು ಚಂದ, ಆದರೆ ಊರು ತುಂಬಿರುತ್ತದೆ, ಹಾಸ್ಟೆಲ್ ಹಾಸಿಗೆಯ ಬೆಲೆಯೂ ಏರಿರುತ್ತದೆ. ವಿದ್ಯಾರ್ಥಿಯ ಜೇಬಿಗೆ ಅಕ್ಟೋಬರ್ ವಾಸಿ.

ಇನ್ನೊಂದು ಮಾತು. ಭಾನುವಾರ-ಸೋಮವಾರದ ರಜೆಗೆ ಹೋಗಬೇಡಿ. ನನ್ನ ಮೊದಲ ಪ್ರವಾಸ ಹಾಗೇ ಕೆಟ್ಟಿತು. ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಊರಾಚೆಯ ಹಾಳು ಅರಮನೆ ನಗರ ಮದೀನಾ ಅಸಾರಾ ಎರಡೂ ಸೋಮವಾರ ಮುಚ್ಚಿರುತ್ತವೆ. ಮೆಸ್ಕಿತಾದ ಉಚಿತ ಪ್ರವೇಶ ಭಾನುವಾರ ಇರುವುದಿಲ್ಲ. ಶುಕ್ರವಾರ ರಾತ್ರಿ ಹೋಗಿ ಭಾನುವಾರ ಸಂಜೆ ವಾಪಸ್ ಬಂದರೆ ಎಲ್ಲವೂ ಸರಿಯಾಗಿ ಕೂಡಿಬರುತ್ತದೆ.

ಹೆಜ್ಜೆ 2: ರೈಲು, ಹಾಸಿಗೆ, ಕಾಗದಪತ್ರ

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಮುಕ್ಕಾಲು ಗಂಟೆ. ಸ್ಪೇನ್‌ನ ಮೊದಲ ವೇಗದ ರೈಲು ಮಾರ್ಗ ಇದೇ, 1992ರಲ್ಲಿ ಶುರುವಾಯಿತು. ಸೆವಿಯಾದಿಂದ ಮುಕ್ಕಾಲು ಗಂಟೆ, ಮಾಲಗಾದಿಂದ ಒಂದು ಗಂಟೆ. ಜರ್ಮನಿ, ಫ್ರಾನ್ಸ್ ಕಡೆ ಓದುತ್ತಿರುವವರು ಈ ಎರಡರಲ್ಲಿ ಒಂದು ಊರಿಗೆ ವಿಮಾನ ಹಿಡಿದು ಅಲ್ಲಿಂದ ರೈಲಿಗೆ ಬರಬಹುದು.

ಟಿಕೆಟ್ ಬೆಲೆ ವಿಮಾನದ ಹಾಗೆ ಏರಿಳಿಯುತ್ತದೆ. ಮೂರು ವಾರ ಮುಂಚೆ ತೆಗೆದರೆ ಕೆಲವು ಸಲ ಅರ್ಧ ಬೆಲೆಗೂ ಸಿಗುತ್ತದೆ. ಸರ್ಕಾರಿ ಕಂಪನಿ ರೆನ್ಫೆ ಜೊತೆಗೆ ಬೇರೆ ಕಂಪನಿಗಳೂ ಈ ದಾರಿಯಲ್ಲಿ ರೈಲು ಓಡಿಸುತ್ತವೆ, ಎಲ್ಲವನ್ನೂ ಹೋಲಿಸಿ ನೋಡಿ. ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ರೈಲು ಬಿಡುವ ಎರಡು ನಿಮಿಷ ಮುಂಚೆ ಗೇಟ್ ಮುಚ್ಚುತ್ತಾರೆ, ಕೈಮುಗಿದರೂ ಬಿಡುವುದಿಲ್ಲ. ಅರ್ಧ ಗಂಟೆ ಮುಂಚೆ ಅಲ್ಲಿರಿ.

ಹಾಸ್ಟೆಲ್ ಆಗಲಿ ಹೋಟೆಲ್ ಆಗಲಿ, ಪಾಸ್‌ಪೋರ್ಟ್ ಕೇಳಿ ವಿವರ ಬರೆದುಕೊಳ್ಳುತ್ತಾರೆ. ಅಲ್ಲಿಯ ಕಾನೂನೇ ಹಾಗಿದೆ, ಗಾಬರಿ ಬೇಡ. ಬೇರೆ ಷೆಂಗೆನ್ ದೇಶದಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು ಇದು) ಓದುತ್ತಿದ್ದರೆ ಪಾಸ್‌ಪೋರ್ಟ್ ಜೊತೆ ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲಿರಲಿ. ಬ್ರಿಟನ್, ಐರ್ಲೆಂಡ್‌ನಲ್ಲಿ ಓದುತ್ತಿರುವವರಿಗೆ ಬೇರೆಯೇ ಷೆಂಗೆನ್ ವೀಸಾ ಬೇಕು. ಅದನ್ನು ಒಂದೆರಡು ತಿಂಗಳು ಮುಂಚೆಯೇ ಶುರುಮಾಡಿ. ವಿದ್ಯಾರ್ಥಿ ಗುರುತಿನ ಚೀಟಿ ಮರೆಯಬೇಡಿ, ಬಹಳ ಕಡೆ ರಿಯಾಯಿತಿ ಇದೆ.

ಉಳಿಯಲು ಮೆಸ್ಕಿತಾದಿಂದ ಹತ್ತು ನಿಮಿಷ ನಡೆಯುವಷ್ಟು ದೂರದ ಜಾಗ ಹಿಡಿಯಿರಿ. ಎರಡು ಯೂರೋ ಉಳಿಸಲು ದೂರ ಹೋದರೆ ಬೆಳಗಿನ ಲೆಕ್ಕ ತಪ್ಪುತ್ತದೆ.

ಬ್ಯಾಗಿಗೆ ಹೆಚ್ಚೇನೂ ಬೇಡ. ಹಳೆಯ, ಕಾಲಿಗೆ ಒಗ್ಗಿದ ಶೂ. ನೀರಿನ ಬಾಟಲಿ. ಒಳಗೆ ಬಿಸಿಲು ತಾಗದ ಕಟ್ಟಡ ತಣ್ಣಗಿರುತ್ತದೆ, ಹಾಗಾಗಿ ಒಂದು ಶಾಲು.

ಹೆಜ್ಜೆ 3: ಶುಕ್ರವಾರ ರಾತ್ರಿ ನೇರ ಸೇತುವೆಗೆ

ನಿಲ್ದಾಣದಿಂದ ಹಳೆ ಊರಿಗೆ ಸುಮಾರು ಇಪ್ಪತ್ತೈದು ನಿಮಿಷದ ನಡಿಗೆ. ಬಹುಪಾಲು ದಾರಿ ಪಾರ್ಕಿನ ಪಕ್ಕದಲ್ಲೇ. ಬ್ಯಾಗ್ ಇಟ್ಟು ಸೀದಾ ರೋಮನ್ ಸೇತುವೆಗೆ ಹೋಗಿ.

ಕೆಳಗೆ ಹರಿಯುವ ನದಿ ಗ್ವಾದಲ್ಕಿವಿರ್. ಅರಬ್ಬಿಯ ‘ಅಲ್ ವಾದಿ ಅಲ್ ಕಬೀರ್’ ಎಂಬ ಮಾತು ಸ್ಪ್ಯಾನಿಷರ ಬಾಯಲ್ಲಿ ಹೀಗಾಯಿತು. ಅರ್ಥ ದೊಡ್ಡ ಹೊಳೆ, ಅಷ್ಟೇ. ಸೇತುವೆಗೆ ಹದಿನಾರು ಕಮಾನು. ಕಟ್ಟಿದ್ದು ರೋಮನ್ನರ ಕಾಲದಲ್ಲಿ, ಆದರೆ ಎರಡು ಸಾವಿರ ವರ್ಷದಲ್ಲಿ ಎಷ್ಟೋ ಸಲ ರಿಪೇರಿಯಾಗಿ ಹಳೆಯ ಕಲ್ಲು ಉಳಿದಿರುವುದು ಒಂದೆರಡು ಕಮಾನುಗಳಲ್ಲಿ ಮಾತ್ರ. ಸೇತುವೆ ದಾಟಿ ಆಚೆ ದಡದ ಕಲಾಓರಾ ಗೋಪುರದ ಹತ್ತಿರ ನಿಂತು ತಿರುಗಿ ನೋಡಿ. ದೀಪದ ಬೆಳಕಲ್ಲಿ ಮೆಸ್ಕಿತಾದ ಉದ್ದ ಗೋಡೆ ಕಾಣುತ್ತದೆ. ಆ ತಗ್ಗು ಗೋಡೆಗಳ ನಡುವಿನಿಂದ ಒಂದು ಎತ್ತರದ ಚರ್ಚು ಎದ್ದು ನಿಂತಿರುತ್ತದೆ. ಎರಡು ಬೇರೆ ಕಟ್ಟಡ ಒಂದರೊಳಗೊಂದು ಸಿಕ್ಕಿಕೊಂಡ ಹಾಗೆ. ಆ ನೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ ಮಲಗಿ. ಬೆಳಿಗ್ಗೆ ಬೇಗ ಏಳಬೇಕು.

ಹೆಜ್ಜೆ 4: ಶನಿವಾರ 8:30, ಮೆಸ್ಕಿತಾ ಮೊದಲನೇ ಸಲ

ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8:30ರಿಂದ 9:30ರವರೆಗೆ ಪ್ರವೇಶ ಉಚಿತ. ದೊಡ್ಡ ಗುಂಪುಗಳನ್ನು ಆ ಹೊತ್ತಿಗೆ ಬಿಡುವುದಿಲ್ಲ. ಹಬ್ಬದ ದಿನಗಳಲ್ಲಿ ಬದಲಾಗಬಹುದು, ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಕೊಳ್ಳಿ. 8:15ಕ್ಕೆ ಬಾಗಿಲಲ್ಲಿ ನಿಲ್ಲಿ. ಒಳಗೆ ಈಗಲೂ ಪೂಜೆ ನಡೆಯುವ ಕ್ಯಾಥೊಲಿಕ್ ಚರ್ಚು ಇದೆ. ಟೋಪಿ ತೆಗೆಯಿರಿ, ದನಿ ಇಳಿಸಿ.

ಮೊದಲ ಸಲ ಒಳಗೆ ಹೋದಾಗ ನನಗೆ ನೆನಪಾಗಿದ್ದು ಅಡಿಕೆ ತೋಟ. ಸಾಲು ಸಾಲು ಕಂಬ. ಎತ್ತ ತಿರುಗಿದರೂ ಒಂದು ಓಣಿ ತೆರೆದುಕೊಳ್ಳುತ್ತದೆ. ಒಂದು ಹೆಜ್ಜೆ ಸರಿದರೆ ಸಾಲು ಮುರಿದು ಇನ್ನೊಂದು ಸಾಲು ಕೂಡುತ್ತದೆ. ಮಲೆನಾಡಿನ ತೋಟದಲ್ಲಿ ಬೆಳಿಗ್ಗೆ ನಡೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇಂದು ಉಳಿದಿರುವ ಕಂಬಗಳು 856.

ಈ ಮೊದಲ ಒಂದು ಗಂಟೆಯಲ್ಲಿ ಏನನ್ನೂ ಓದಬೇಡಿ. ಆಡಿಯೋ ಗೈಡ್ ಬೇಡ. ಫೋಟೋ ಕೂಡ ಆಮೇಲೆ. ಮೂರು ವಿಷಯ ಮಾತ್ರ ಕಣ್ಣಲ್ಲಿ ಹುಡುಕಿ.

ಮೊದಲನೆಯದು, ಕಂಬಗಳು ಒಂದರಂತೆ ಒಂದಿಲ್ಲ. ಒಂದು ನಯ, ಒಂದಕ್ಕೆ ಗೀರು. ಒಂದು ಕಪ್ಪು, ಇನ್ನೊಂದು ಗುಲಾಬಿ. ಮೇಲಿನ ತಲೆಕಟ್ಟೂ ಬೇರೆ ಬೇರೆ. ಹಳೆಯ ಭಾಗದ ಕಂಬಗಳನ್ನು ರೋಮನ್ನರ, ಅವರ ನಂತರ ಆಳಿದ ವಿಸಿಗೋಥರ ಬಿದ್ದ ಕಟ್ಟಡಗಳಿಂದ ತಂದು ನಿಲ್ಲಿಸಿದ್ದಾರೆ.

ಎರಡನೆಯದು, ಕಮಾನಿನ ಮೇಲೆ ಕಮಾನು. ಇದು ಬರೀ ಅಲಂಕಾರವಲ್ಲ. ತಂದ ಕಂಬಗಳು ಗಿಡ್ಡವಾಗಿದ್ದವು. ಅಷ್ಟು ದೊಡ್ಡ ಹಜಾರಕ್ಕೆ ಅಷ್ಟು ತಗ್ಗಿನ ಛಾವಣಿ ಹಾಕಿದರೆ ಉಸಿರು ಕಟ್ಟುತ್ತದೆ. ಅದಕ್ಕೆ ಕಂಬದ ಮೇಲೆ ಕಲ್ಲಿನ ಇನ್ನೊಂದು ಕಂಬ ಏರಿಸಿದರು. ಕೆಳಗಿನ ಕಮಾನು ಕಂಬಗಳು ಅಲುಗದ ಹಾಗೆ ಒಂದನ್ನೊಂದು ಹಿಡಿದಿಡುತ್ತದೆ, ಮೇಲಿನ ಕಮಾನು ಛಾವಣಿಯನ್ನು ಹೊರುತ್ತದೆ. ಇರುವ ಸಾಮಾನಿನಲ್ಲೇ ಎತ್ತರ ತಂದ ಆ ಮೇಸ್ತ್ರಿಯ ತಲೆಗೆ ನಾನು ಪ್ರತಿ ಸಲವೂ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ.

ಮೂರನೆಯದು, ಕಮಾನಿನ ಕೆಂಪು-ಬಿಳಿ ಪಟ್ಟಿ. ಹಳೆಯ ಭಾಗದಲ್ಲಿ ಕೆಂಪು ಅಂದರೆ ನಿಜವಾದ ಇಟ್ಟಿಗೆ, ಬಿಳಿ ಅಂದರೆ ಕಲ್ಲು. ಪೂರ್ವದ ಕಡೆಯ ಎಂಟು ಓಣಿಗಳಿಗೆ ಬನ್ನಿ. ಅಲ್ಲಿ ಇಟ್ಟಿಗೆ ಇಲ್ಲ. ಪೂರ್ತಿ ಕಲ್ಲಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಅದು ಹತ್ತನೇ ಶತಮಾನದ ಕೊನೆಯಲ್ಲಿ ಅಲ್ ಮನ್ಸೂರ್ ಎಂಬ ಮಂತ್ರಿ ಸೇರಿಸಿದ ಭಾಗ. ಈ ವ್ಯತ್ಯಾಸವನ್ನು ನಿಮ್ಮಷ್ಟಕ್ಕೆ ನೀವೇ ಕಂಡುಹಿಡಿದರೆ ಕಟ್ಟಡ ನಿಮ್ಮ ಜೊತೆ ಮಾತಾಡಲು ಶುರುಮಾಡುತ್ತದೆ.

9:30ರ ಸುಮಾರಿಗೆ ಹೊರಗೆ ಕಳಿಸುತ್ತಾರೆ. ಹೊಟ್ಟೆ ಹಸಿದಿರುತ್ತದೆ. ಒಂದು ಟೋಸ್ತಾದಾ ಕಾನ್ ತೊಮಾತೆ ಹೇಳಿ. ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು. ಸಸ್ಯಾಹಾರಿಗಳಿಗೂ ಯೋಚನೆ ಇಲ್ಲ.

ಹೆಜ್ಜೆ 5: ಯಹೂದಿ ಕೇರಿ, ಮಧ್ಯಾಹ್ನದೊಳಗೆ

ಮೆಸ್ಕಿತಾದ ಪಕ್ಕದಲ್ಲೇ ಹುದೇರಿಯಾ, ಹಳೆಯ ಯಹೂದಿ ಕೇರಿ. ಮ್ಯಾಪ್ ಮುಚ್ಚಿ ನಡೆಯಿರಿ. ಸುಣ್ಣ ಬಳಿದ ಗೋಡೆ, ನೀಲಿ ಕುಂಡ, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿ. ಕಬ್ಬಿಣದ ಕಂಬಿಯ ಹಿಂದೆ ಅಲ್ಲೊಂದು ಇಲ್ಲೊಂದು ಪಾತಿಯೋ ಕಾಣುತ್ತದೆ. ನಮ್ಮ ತೊಟ್ಟಿ ಮನೆಯ ಲೆಕ್ಕವೇ ಅಲ್ವಾ? ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು, ಬಾವಿ, ಗಿಡ. ಬಿಸಿಲಿನ ನಾಡಿನಲ್ಲಿ ಮನೆ ತಂಪಾಗಿರಲು ಎರಡೂ ಕಡೆಯ ಜನ ಕಂಡುಕೊಂಡ ಉಪಾಯ ಒಂದೇ.

ಸಿನಗಾಗ್ ತಪ್ಪಿಸಬೇಡಿ. 1315ರಲ್ಲಿ ಕಟ್ಟಿದ್ದು. ಒಂದು ಕೋಣೆಯಷ್ಟೇ. ಮಧ್ಯಯುಗದ ಸಿನಗಾಗ್‌ಗಳಲ್ಲಿ ಸ್ಪೇನ್‌ನಲ್ಲಿ ಚೆನ್ನಾಗಿ ಉಳಿದಿರುವುದು ಬೆರಳೆಣಿಕೆಯಷ್ಟು, ಅದರಲ್ಲಿ ಇದೂ ಒಂದು. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಹಾಕಿದ ಮೇಲೆ ಇದು ಆಸ್ಪತ್ರೆಯಾಯಿತು. ಆಮೇಲೆ ಚಮ್ಮಾರರ ಸಂಘದ ಪ್ರಾರ್ಥನೆಯ ಜಾಗವಾಯಿತು. ಹೀಬ್ರೂ ಬರಹಗಳು ಗಾರೆಯ ಕೆಳಗೆ ಮುಚ್ಚಿಹೋಗಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಗಾರೆ ಉದುರಿದಾಗ ಮತ್ತೆ ಬೆಳಕಿಗೆ ಬಂದವು. ಗೋಡೆಯ ಹತ್ತಿರ ನಿಂತು ಆ ಅಕ್ಷರಗಳನ್ನು ನೋಡಿ.

ಸ್ವಲ್ಪ ಮುಂದೆ ಮೈಮೊನಿಡಿಸ್‌ನ ಪ್ರತಿಮೆ. ಈ ಊರಲ್ಲೇ ಹುಟ್ಟಿದ ಯಹೂದಿ ಚಿಂತಕ, ವೈದ್ಯ. ಅಲ್ಮೊಹದ್ ಎಂಬ ಹೊಸ ಆಳುವವರು ಬಂದಾಗ ಊರು ಬಿಟ್ಟ ಕುಟುಂಬದ ಹುಡುಗ, ಕೊನೆಗೆ ಈಜಿಪ್ಟ್‌ನಲ್ಲಿ ನೆಲೆ ನಿಂತ. ಅದೇ ಶತಮಾನದಲ್ಲಿ ಇದೇ ಊರಲ್ಲಿ ಹುಟ್ಟಿದ ಮುಸ್ಲಿಂ ಚಿಂತಕ ಇಬ್ನ್ ರುಷ್ದ್. ಅರಿಸ್ಟಾಟಲ್‌ನ ಮೇಲೆ ಅವನು ಬರೆದ ಟೀಕೆಗಳನ್ನು ಯುರೋಪಿನ ವಿಶ್ವವಿದ್ಯಾಲಯಗಳು ನೂರಾರು ವರ್ಷ ಓದಿದವು. ಅವನ ಪ್ರತಿಮೆಯೂ ಕೋಟೆ ಗೋಡೆಯ ಹತ್ತಿರ ಇದೆ. ಓದಲೆಂದು ಊರು ಬಿಟ್ಟು ಬಂದವರು ಇಬ್ಬರ ಮುಂದೆಯೂ ಒಂದು ನಿಮಿಷ ನಿಲ್ಲಬೇಕು ಎಂದು ನನಗನಿಸುತ್ತದೆ.

ಹೂವಿನ ಓಣಿ ಎಂಬ ಫೋಟೋದ ಜಾಗ ಒಂದಿದೆ. ಬೆಳಿಗ್ಗೆ ಹತ್ತರ ಒಳಗೆ ಖಾಲಿ ಇದ್ದರೆ ನೋಡಿ, ಇಲ್ಲದಿದ್ದರೆ ಬಿಡಿ.

ಹೆಜ್ಜೆ 6: ಊಟ ಮತ್ತು ನಿದ್ದೆ

ಊಟದ ಹೊತ್ತು ಎರಡರಿಂದ ನಾಲ್ಕು. ರಾತ್ರಿ ಊಟ ಒಂಬತ್ತರ ಮೇಲೆ. ಹನ್ನೆರಡೂವರೆಗೆ ಹೋಗಿ ಕೂತರೆ ಅಡುಗೆ ಶುರುವಾಗಿರುವುದಿಲ್ಲ.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ‘ವೆಹೆತಾರಿಯಾನೊ’ ಎಂದರೆ ಸಾಕು ಎಂದುಕೊಂಡು ನಾನು ಒಂದು ಕಡೆ ಸಲಾಡ್ ತರಿಸಿದ್ದೆ. ಅದರ ತುಂಬ ಟ್ಯೂನಾ ಮೀನು. ಅಲ್ಲಿ ಎಷ್ಟೋ ಜನರಿಗೆ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಬಿಡಿಸಿ ಹೇಳಬೇಕು: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್.’ ಅಂದರೆ ಮಾಂಸ, ಹಂದಿಮಾಂಸದ ಹಮೋನ್, ಮೀನು, ಟ್ಯೂನಾ ಯಾವುದೂ ಬೇಡ. ಮೊಟ್ಟೆ ತಿನ್ನದವರು ‘ಸಿನ್ ವೆವೊ’ ಸೇರಿಸಿ.

ಈ ಊರಿನದೇ ತಿನಿಸು ಸಾಲ್ಮೊರೆಹೊ. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿದ ದಪ್ಪನೆಯ ತಣ್ಣನೆಯ ಸೂಪು. ಮೇಲೆ ಮೊಟ್ಟೆ, ಹಮೋನ್ ಚೂರು ಉದುರಿಸಿಯೇ ಕೊಡುತ್ತಾರೆ. ಮೊದಲೇ ಬೇಡ ಎನ್ನಿ. ಮೊಟ್ಟೆ ತಿನ್ನುವವರಿಗೆ ಮೆಸ್ಕಿತಾದ ಗೋಡೆಯ ಎದುರಿನ ಬಾರ್ ಸಾಂತೋಸ್‌ನಲ್ಲಿ ಆಲೂಗಡ್ಡೆ ಆಮ್ಲೆಟ್ಟಿನ ದಪ್ಪ ತುಂಡು ಸಿಗುತ್ತದೆ. ಹೊರಗೆ ನಿಂತು ತಿನ್ನಬೇಕು.

ಆದರೆ ನನಗೆ ಊರು ನೆನಪಾಗಿದ್ದು ಬೆರೆನ್ಹೇನಾಸ್ ಕಾನ್ ಮಿಯೆಲ್ ತಿಂದಾಗ. ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ ಹಿಟ್ಟು ಸವರಿ ಕರಿದು, ಮೇಲೆ ಕಪ್ಪಗಿನ ಸಿಹಿ ಸುರಿಯುತ್ತಾರೆ. ಮಿಯೆಲ್ ಅಂದರೆ ಜೇನು, ಆದರೆ ಇದು ಬಹಳ ಕಡೆ ಕಬ್ಬಿನ ಹಾಲು ಕಾಯಿಸಿ ಮಾಡಿದ್ದು. ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಯಿತು, ಜೋನಿ ಬೆಲ್ಲ! ಬದನೆ ಬಜ್ಜಿಗೆ ಜೋನಿ ಬೆಲ್ಲ. ಕಬ್ಬು, ಬದನೆ ಎರಡನ್ನೂ ಸ್ಪೇನ್‌ಗೆ ತಂದವರು ಅರಬ್ಬರು, ಅವರಿಗೆ ಅವು ಸಿಕ್ಕಿದ್ದು ನಮ್ಮ ಕಡೆಯಿಂದ ಪರ್ಷಿಯಾ ದಾಟಿ. ಸ್ಪ್ಯಾನಿಷ್‌ನ ‘ಅಸೂಕರ್’ ಮತ್ತು ನಮ್ಮ ‘ಸಕ್ಕರೆ’ ಒಂದೇ ಬೇರಿನ ಮಾತುಗಳು.

ಬಿಲ್ ಉಳಿಸಲು ‘ಆಗ್ವಾ ದೆಲ್ ಗ್ರಿಫೊ’ ಕೇಳಿ, ನಲ್ಲಿ ನೀರು. 2022ರ ಕಾನೂನಿನ ಪ್ರಕಾರ ಹೋಟೆಲಿನವರು ಅದನ್ನು ಉಚಿತವಾಗಿ ಕೊಡಬೇಕು.

ಊಟವಾದ ಮೇಲೆ ರೂಮಿಗೆ ಹೋಗಿ ಮಲಗಿ. ನಿಜವಾಗಿ. ಎರಡರಿಂದ ಐದರವರೆಗೆ ಅಂಗಡಿ ಬಾಗಿಲೂ ಮುಚ್ಚಿರುತ್ತದೆ. ಬೆಳಿಗ್ಗೆ ಕಂಡದ್ದು ಮನಸ್ಸಿನಲ್ಲಿ ಇಳಿಯಲು ಆ ನಿದ್ದೆ ಬೇಕು.

ಹೆಜ್ಜೆ 7: ಮೆಸ್ಕಿತಾ ಎರಡನೇ ಸಲ, ಈಗ ಟಿಕೆಟ್ ಕೊಟ್ಟು

ಮುಚ್ಚುವ ಹೊತ್ತಿಗೆ ಎರಡು ಗಂಟೆ ಮುಂಚಿನ ಟಿಕೆಟ್ ಆನ್‌ಲೈನಲ್ಲಿ ತೆಗೆದಿಟ್ಟುಕೊಳ್ಳಿ. ಗಂಟೆ ಗೋಪುರಕ್ಕೆ ಬೇರೆ ಟಿಕೆಟ್, ನಿಗದಿತ ಹೊತ್ತಿಗೇ ಹತ್ತಬೇಕು. ಬೆಳಿಗ್ಗೆ ಉಚಿತವಾಗಿ ನೋಡಿದ್ದಕ್ಕೆ ಸಂಜೆ ದುಡ್ಡು ಯಾಕೆ ಎಂದು ನನ್ನ ಗೆಳೆಯರು ಕೇಳಿದ್ದರು. ಬೆಳಿಗ್ಗೆ ನೀವು ಕಂಬ ನೋಡಿದಿರಿ. ಸಂಜೆ ನೋಡಬೇಕಾದ್ದು ಜನರ ಕಥೆ.

ಮೊದಲು ಕಿತ್ತಳೆ ಮರಗಳ ಅಂಗಳದಲ್ಲಿ ಕೂತು ಇದನ್ನು ಓದಿಕೊಳ್ಳಿ. 750ರಲ್ಲಿ ದಮಾಸ್ಕಸ್‌ನಿಂದ ಆಳುತ್ತಿದ್ದ ಉಮಯ್ಯದ್ ವಂಶವನ್ನು ಶತ್ರುಗಳು ಕೊಂದುಹಾಕಿದರು. ತಪ್ಪಿಸಿಕೊಂಡ ಒಬ್ಬ ಯುವಕ ಅಬ್ದ್ ಅಲ್ ರಹಮಾನ್ ಉತ್ತರ ಆಫ್ರಿಕಾ ದಾಟಿ ಇಲ್ಲಿಗೆ ಬಂದ. 756ರಲ್ಲಿ ಈ ಊರಿನ ಅಮೀರ, ಅಂದರೆ ಆಳುವವನಾದ. 785ರ ಸುಮಾರಿಗೆ ಈ ಮಸೀದಿ ಶುರುಮಾಡಿದ. ತನ್ನ ತೋಟದಲ್ಲಿ ಖರ್ಜೂರದ ಮರ ಕಂಡು, ನೀನೂ ನನ್ನ ಹಾಗೆ ನಿನ್ನ ನೆಲದಿಂದ ದೂರ ಬಂದೆ ಎಂಬ ಭಾವದ ಪದ್ಯ ಅವನ ಹೆಸರಲ್ಲಿ ಉಳಿದಿದೆ. ಮತ್ತೆಂದೂ ಊರಿಗೆ ಮರಳಲಾಗದವನು ಕಟ್ಟಿದ ಹಜಾರ ಇದು. ಇದು ಗೊತ್ತಾದ ಮೇಲೆ ನನಗೆ ಆ ಕಂಬಗಳ ಸಾಲು ಬೇರೆಯೇ ಆಗಿ ಕಂಡಿತು.

ಒಳಗೆ ಅವನ ಭಾಗದಿಂದ ದಕ್ಷಿಣಕ್ಕೆ ನೇರ ನಡೆಯಿರಿ. ಒಂಬತ್ತನೇ ಶತಮಾನದ ವಿಸ್ತರಣೆ ದಾಟಿ ಹತ್ತನೇ ಶತಮಾನದ ಭಾಗಕ್ಕೆ ಬರುತ್ತೀರಿ. ಕೊನೆಯಲ್ಲಿ ಮಿಹ್ರಾಬ್, ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು. ಸುತ್ತಲಿನ ಚಿನ್ನದ ಬಣ್ಣದ ಮೊಸಾಯಿಕ್‌ಗೆ ಹರಳುಗಳನ್ನೂ ಕುಶಲಕರ್ಮಿಯನ್ನೂ ಕಳಿಸಿದ್ದು ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿ. ಅದರ ಮುಂದಿನ ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿ. ಕತ್ತು ನೋಯುವವರೆಗೆ ನೋಡಿ.

ಈಗ ನಡುವಿಗೆ ಬನ್ನಿ. ತಗ್ಗಿನ ಕಮಾನುಗಳ ನಡುವೆ ತಟ್ಟನೆ ಬೆಳ್ಳಗಿನ ಎತ್ತರ ತೆರೆದುಕೊಳ್ಳುತ್ತದೆ. 1236ರಲ್ಲಿ ರಾಜ ಮೂರನೇ ಫರ್ಡಿನೆಂಡ್ ಊರನ್ನು ಗೆದ್ದ ಮೇಲೆ ಮಸೀದಿ ಚರ್ಚಾಯಿತು. ಆದರೆ ಸುಮಾರು ಮುನ್ನೂರು ವರ್ಷ ಕಟ್ಟಡವನ್ನು ಬಹುಪಾಲು ಹಾಗೇ ಬಳಸಿದರು. 1523ರಲ್ಲಿ ಬಿಷಪ್ ನಡುವಿನ ಕಂಬಗಳನ್ನು ಕಿತ್ತು ಹೊಸ ಚರ್ಚು ಕಟ್ಟಲು ಹೊರಟಾಗ ತಡೆಯಲು ನಿಂತದ್ದು ಊರಿನ ನಗರಸಭೆ. ಕೆಡವುವ ಕೆಲಸಗಾರರಿಗೆ ಮರಣದಂಡನೆ ಎಂದು ಆಜ್ಞೆಯನ್ನೂ ಹೊರಡಿಸಿತು. ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತ. ಆಮೇಲೆ ತಾನೇ ಬಂದು ನೋಡಿ ಪಶ್ಚಾತ್ತಾಪಪಟ್ಟ ಎಂಬ ಕಥೆಯನ್ನು ಊರವರು ಇಂದಿಗೂ ಹೇಳುತ್ತಾರೆ. ಕಟ್ಟುವುದು ಮುಗಿಯಲು 1607 ಆಯಿತು. ತಾತ, ಮಗ, ಮೊಮ್ಮಗ, ಮೂವರೂ ಎರ್ನಾನ್ ರೂಯಿಸ್ ಎಂಬ ಒಂದೇ ಹೆಸರಿನವರು, ಒಬ್ಬರ ನಂತರ ಒಬ್ಬರು ಈ ಕೆಲಸ ನೋಡಿಕೊಂಡರು.

ಹಾಳುಮಾಡಿದರು ಎಂದು ಕೆಲವರು, ಚರ್ಚಾಗಿದ್ದಕ್ಕೇ ಉಳಿಯಿತು ಎಂದು ಕೆಲವರು. ನನಗೆ ಎರಡೂ ನಿಜವೆನಿಸುತ್ತದೆ. ಎರಡೂ ಭಾಗಗಳು ಸೇರುವ ಗೆರೆಯಲ್ಲಿ ನಿಲ್ಲಿ. ಒಂದು ಕಡೆ ಕೆಂಪು-ಬಿಳಿ ಕಮಾನು, ಇನ್ನೊಂದು ಕಡೆ ಬಿಳಿ ಗುಮ್ಮಟ. ಬೆಳಿಗ್ಗೆ ಅರ್ಥವಾಗದೆ ದಾಟಿ ಹೋಗಿದ್ದ ಜಾಗ ಇದೇ ಎಂದು ಆಗ ತಿಳಿಯುತ್ತದೆ.

ಕೊನೆಗೆ ಗೋಪುರ. ಹೊರಗಿನಿಂದ ಚರ್ಚಿನ ಗಂಟೆ ಗೋಪುರ. ಒಳಗೆ ಹತ್ತನೇ ಶತಮಾನದ ಮಿನಾರಿನ ಭಾಗ ಹಾಗೇ ಇದೆ, ಹತ್ತುವಾಗ ಕಾಣುತ್ತದೆ. ಮೇಲಿನಿಂದ ಇಡೀ ಛಾವಣಿ ನೋಡಿ. ಮುನ್ನಾದಿನ ರಾತ್ರಿ ಸೇತುವೆಯಿಂದ ಕಂಡ ಒಗಟು ಈಗ ಬಿಡಿಸಿಕೊಳ್ಳುತ್ತದೆ.

ಅಂಗಳದ ಕಿತ್ತಳೆ ಹಣ್ಣು ಕಿತ್ತು ತಿನ್ನಬೇಡಿ. ನಮ್ಮ ಹೇರಳೆಕಾಯಿಯ ಹಾಗೆ ಹುಳಿ, ಕಹಿ.

ಹೆಜ್ಜೆ 8: ಭಾನುವಾರ ಬೆಳಿಗ್ಗೆ ಮದೀನಾ ಅಸಾರಾ

ಊರಿಂದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್. 936ರಿಂದ ಖಲೀಫ ಮೂರನೇ ಅಬ್ದ್ ಅಲ್ ರಹಮಾನ್ ಕಟ್ಟಿಸಿದ ಅರಮನೆ ನಗರ. ನೂರು ವರ್ಷವೂ ಬಾಳಲಿಲ್ಲ. 1010ರ ಸುಮಾರಿಗೆ ಒಳಜಗಳದಲ್ಲಿ ಸುಟ್ಟು, ಲೂಟಿಯಾಗಿ, ಆಮೇಲೆ ಕಲ್ಲುಗಳೂ ಬೇರೆ ಮನೆಗಳಿಗೆ ಹೋದವು. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಂಪಿ ನೋಡಿದವರಿಗೆ ಈ ಬಯಲಿನ ಮೌನ ಪರಿಚಯದ್ದೇ.

ಊರಿಂದ ಪ್ರವಾಸಿ ಬಸ್ ಹೋಗುತ್ತದೆ. ಟಿಕೆಟ್ ಮುಂಚೆಯೇ ತೆಗೆಯಿರಿ. ಬಸ್ ಇಳಿಸುವುದು ಮ್ಯೂಸಿಯಂ ಹತ್ತಿರ. ಅಲ್ಲಿಂದ ಗುಡ್ಡದ ಮೇಲಿನ ಅವಶೇಷಗಳಿಗೆ ಇನ್ನೊಂದು ಚಿಕ್ಕ ಬಸ್. ಮೊದಲು ಮ್ಯೂಸಿಯಂ ನೋಡಿ, ಇಲ್ಲದಿದ್ದರೆ ಮೇಲೆ ಸುಮ್ನೆ ಗೋಡೆಗಳಷ್ಟೇ ಕಾಣುತ್ತವೆ. ಭಾನುವಾರ ಮಧ್ಯಾಹ್ನಕ್ಕೇ ಮುಚ್ಚುವುದರಿಂದ ಮೊದಲ ಬಸ್ಸೇ ಹಿಡಿಯಿರಿ. ನೆರಳು ಕಡಿಮೆ, ನೀರು ಒಯ್ಯಿರಿ.

ಬಸ್ ತಪ್ಪಿದರೆ ಬೇಜಾರು ಬೇಡ. ಆಲ್ಕಾಸರ್ ಅರಮನೆಯ ತೋಟಕ್ಕೆ ಹೋಗಿ. ಹಡಗಿನ ಖರ್ಚು ಕೇಳಲು ಕೊಲಂಬಸ್ 1486ರಲ್ಲಿ ರಾಣಿ ಇಸಬೆಲ್ಲಾ, ರಾಜ ಫರ್ಡಿನೆಂಡ್‌ರನ್ನು ಕಂಡದ್ದು ಅಲ್ಲೇ.

ಹೆಜ್ಜೆ 9: ವಾಪಸ್

ಸಂಜೆ ಆರರ ರೈಲು ಸಾಕು. ಐದಕ್ಕೇ ನಿಲ್ದಾಣದಲ್ಲಿರಿ. ಊರಲ್ಲಿ ಆಗ ಬೇಸಿಗೆಯಾದರೆ ಎಂಟೂವರೆ, ಚಳಿಗಾಲವಾದರೆ ಒಂಬತ್ತೂವರೆ. ಊಟ ಮುಗಿಸಿ ಮನೆಯವರೆಲ್ಲ ಒಟ್ಟಿಗೆ ಕೂತಿರುವ ಹೊತ್ತು. ಬದನೆಕಾಯಿ ಬಜ್ಜಿಯ ಕಥೆ ಅಲ್ಲಿಂದಲೇ ಫೋನ್ ಮಾಡಿ ಹೇಳಿ. ಹೊರಟ ಸ್ವಲ್ಪ ಹೊತ್ತಿಗೆ ಸಿಯೆರಾ ಮೊರೆನಾ ಬೆಟ್ಟದ ಸುರಂಗಗಳು ಶುರುವಾಗುತ್ತವೆ, ಮಾತು ನಡುವೆಯೇ ಕಟ್ ಆಗುತ್ತದೆ.